ಹಿಂಚಕ್ರ ಗಾಳಿಯಲ್ಲಿದ್ದರೆ ಸಾಕೇ? ಮನೆಯಲ್ಲೇ ಬೈಕಿನ ಸಸ್ಪೆನ್ಷನ್ ಹೊಂದಿಸುವ ಮುನ್ನ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಸ್ಕೂಟರುಗಳ ಪ್ರವೇಶವನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಗಿದೆ. ಬಿಡದಿ, ರಾಮನಗರ, ಚನ್ನಪಟ್ಟಣದ ಕಡೆಯ ಬೈಕ್ ಸವಾರರಿಗೆ ಉಳಿದಿರುವುದು ಸರ್ವಿಸ್ ರಸ್ತೆ ಮತ್ತು ಊರೊಳಗಿನ ಹಳೆಯ ರಸ್ತೆ. ಮಾಗಡಿ, ಕನಕಪುರದ ಹಳ್ಳಿಗಳಲ್ಲಂತೂ ಮೊದಲಿನಿಂದಲೂ ಹಂಪು, ಗುಂಡಿ, ಮಣ್ಣುದಾರಿಗಳೇ ಗತಿ. ರಸ್ತೆಯ ಹಂಪ್ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಕೊಟ್ಟಿದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಅಂದರೆ ಬೆನ್ನು ಸವರಿದಂತೆ ನಿಧಾನವಾಗಿ ಏರಿ ಇಳಿಯುವ ಉಬ್ಬು. ಊರಿನವರೇ ರಾತ್ರೋರಾತ್ರಿ ಜಲ್ಲಿ–ಸಿಮೆಂಟು ಸುರಿದು ಮಾಡಿದ ಹಂಪಿಗೂ ಈ ಅಳತೆಗೂ ಎಷ್ಟು ದೂರ ಎನ್ನುವುದು ಅದರ ಮೇಲೆ ಹಾದವರ ನಡುವಿಗೆ ಗೊತ್ತು.

ಈ ಭಾಗದ ಬೈಕುಗಳು ಹೊರುವ ಭಾರವೂ ದಿನದಲ್ಲಿ ಹಲವು ಬಾರಿ ಬದಲಾಗುತ್ತದೆ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆಯೋ ಸೀಮೆಹುಲ್ಲೋ, ಹುಳು ಹಣ್ಣಾಗಿ ಗೂಡು ಬಿಡಿಸಿದ ದಿನ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಮೂಟೆ, ಸಂಜೆಗೆ ಹಿಂದೆ ಮನೆಯವರು. 40 ಲೀಟರಿನ ಒಂದು ಕ್ಯಾನಿನಲ್ಲಿ ಹಾಲಿನದ್ದೇ ಸುಮಾರು 41 ಕೆಜಿ ತೂಕ, ಕ್ಯಾನಿನದ್ದು ಬೇರೆ. ಆದರೆ ಶೋರೂಮಿನಿಂದ ಬಂದ ದಿನ ಹಿಂದಿನ ಶಾಕ್ ಅಬ್ಸಾರ್ಬರ್ ಯಾವ ಮೆಟ್ಟಿಲಿನಲ್ಲಿತ್ತೋ ಬಹುತೇಕ ಬೈಕುಗಳಲ್ಲಿ ಅದು ಈಗಲೂ ಅಲ್ಲೇ ಇರುತ್ತದೆ. ಅದನ್ನು ತಿರುಗಿಸಲು ಗ್ಯಾರೇಜಿಗೇ ಹೋಗಬೇಕೆಂದಿಲ್ಲ, ಮನೆಯಲ್ಲೇ ಮಾಡಬಹುದು. ಅಪಾಯವಿರುವುದು ತಿರುಗಿಸುವುದರಲ್ಲಿ ಅಲ್ಲ, ಅದಕ್ಕಾಗಿ ಹಿಂಚಕ್ರವನ್ನು ಮೇಲೆತ್ತುವುದರಲ್ಲಿ.

ಆ ಉಂಗುರ ಮಾಡುವುದೇನು?

ಹಿಂಚಕ್ರದ ಎರಡೂ ಬದಿಗೆ ಒಂದೊಂದು ಶಾಕ್ ಅಬ್ಸಾರ್ಬರ್ ಇರುವ 100–125 ಸಿಸಿ ಬೈಕುಗಳಲ್ಲಿ ಸ್ಪ್ರಿಂಗಿನ ಒಂದು ತುದಿಗೆ ಬಳೆಯಂಥ ಉಂಗುರವಿರುತ್ತದೆ. ಅದರ ಅಂಚಿನಲ್ಲಿ ಮೆಟ್ಟಿಲುಗಳನ್ನು ಕೊರೆದಿರುತ್ತಾರೆ, ಸಾಮಾನ್ಯವಾಗಿ ಐದು. ಟೂಲ್ ಕಿಟ್‌ನಲ್ಲಿ ಬರುವ ಕೊಕ್ಕೆಯಂಥ ಸಿ ಸ್ಪ್ಯಾನರಿನಿಂದ ತಿರುಗಿಸಿದರೆ ಉಂಗುರ ಮೆಟ್ಟಿಲು ಹತ್ತಿ ಸ್ಪ್ರಿಂಗನ್ನು ಇನ್ನಷ್ಟು ಅದುಮುತ್ತದೆ. ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಹೀಗೆ ಅದುಮಿಡುವುದಕ್ಕೆ ಪ್ರಿಲೋಡ್ ಎನ್ನುತ್ತಾರೆ.

ಇದರಿಂದ ಸ್ಪ್ರಿಂಗೇ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ಸ್ಪ್ರಿಂಗಿನ ಗಡಸುತನ ಅದರ ಕಂಬಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆಯಿಂದ ಬರುತ್ತದೆ. ಉಂಗುರ ತಿರುಗಿಸಿದರೆ ಇವು ಯಾವುವೂ ಬದಲಾಗುವುದಿಲ್ಲ. ಒತ್ತಿದಷ್ಟೂ ಅದೇ ಪ್ರಮಾಣದಲ್ಲಿ ಸ್ಪ್ರಿಂಗು ತಿರುಗಿ ಒತ್ತುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದರು. ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಸುಲಭವಾಗಲೆಂದು ನಾವು ಇಟ್ಟುಕೊಂಡವು, ಯಾವುದೇ ಒಂದು ಬೈಕಿನವಲ್ಲ.

ಒಂದು ಸ್ಪ್ರಿಂಗು 1 ಮಿ.ಮೀ. ಕುಗ್ಗಲು 2 ಕೆಜಿ ಭಾರ ಬೇಕು ಎಂದುಕೊಳ್ಳಿ. ಮೊದಲ ಮೆಟ್ಟಿಲಿನಲ್ಲಿ ಅದನ್ನು 10 ಮಿ.ಮೀ. ಅದುಮಿಡಲಾಗಿದೆ, ಮುಂದಿನ ಪ್ರತಿ ಮೆಟ್ಟಿಲಿಗೆ 4 ಮಿ.ಮೀ. ಸೇರುತ್ತದೆ. ಹಾಗಾದರೆ ಮೊದಲ ಮೆಟ್ಟಿಲಿನಲ್ಲಿ ಸ್ಪ್ರಿಂಗು 20 ಕೆಜಿ ಬಲದಿಂದ, ಐದನೆಯದರಲ್ಲಿ 52 ಕೆಜಿ ಬಲದಿಂದ ಮೊದಲೇ ಬಿಗಿದು ಕೂತಿರುತ್ತದೆ. ಬೈಕಿನ ಸ್ವಂತ ಭಾರದಲ್ಲಿ ಆ ಸ್ಪ್ರಿಂಗಿಗೆ ಬೀಳುವ ಪಾಲು 40 ಕೆಜಿ, ಸವಾರ ಒಬ್ಬನೇ ಕೂತಾಗ 60, ಹಿಂದೆ ಕ್ಯಾನೋ ಹೆಂಡತಿಯೋ ಸೇರಿದಾಗ 100 ಎಂದಿಟ್ಟುಕೊಳ್ಳೋಣ. ಮೊದಲ ಮೆಟ್ಟಿಲಿನಲ್ಲಿ ಒಬ್ಬನೇ ಕೂತರೆ ಶಾಕ್ ಅಬ್ಸಾರ್ಬರ್ 20 ಮಿ.ಮೀ. ಕುಸಿಯುತ್ತದೆ, ಭಾರ ಹೇರಿದರೆ 40 ಮಿ.ಮೀ. ಅದರ ಒಟ್ಟು ಚಲನೆ 75 ಮಿ.ಮೀ. ಆಗಿದ್ದರೆ, ಬೈಕು ಹೊರಡುವ ಮೊದಲೇ ಅರ್ಧಕ್ಕಿಂತ ಹೆಚ್ಚು ಮುಗಿದುಹೋಯಿತು! ಮುಂದಿನ ಹಂಪಿನಲ್ಲಿ ಢಬ್ಬೆಂದು ತಳ ಬಡಿಯುವುದು ಇದಕ್ಕೇ. ಅದೇ ಭಾರಕ್ಕೆ ಐದನೇ ಮೆಟ್ಟಿಲಿಗೆ ತಿರುಗಿಸಿದ್ದರೆ ಕುಸಿತ 24 ಮಿ.ಮೀ. ಮಾತ್ರ, ಹಂಪಿಗೆಂದು 51 ಮಿ.ಮೀ. ಉಳಿದಿರುತ್ತಿತ್ತು.

ಇನ್ನು, ಭಾರ ಇಳಿಸಿದ ಮೇಲೂ ಐದರಲ್ಲೇ ಬಿಟ್ಟರೆ? ಒಬ್ಬನೇ ಕೂತಾಗ ಕುಸಿತ ಕೇವಲ 4 ಮಿ.ಮೀ. ರಸ್ತೆಯಲ್ಲಿ ತಗ್ಗು ಬಂದಾಗ ಚಕ್ರ ಕೆಳಕ್ಕೆ ಇಳಿದು ನೆಲವನ್ನು ಹಿಡಿಯಬೇಕು, ಅದಕ್ಕೆ ಈಗ ಜಾಗವೇ ಇಲ್ಲ. ಚಕ್ರ ನೆಲ ಬಿಟ್ಟು ಹಾರುತ್ತದೆ, ಪ್ರತಿ ಕುಲುಕೂ ನೇರವಾಗಿ ಸೀಟಿಗೆ ಬರುತ್ತದೆ. ಸವಾರನಿಗೆ "ಸ್ಪ್ರಿಂಗು ಗಟ್ಟಿಯಾಯಿತು" ಅನ್ನಿಸುವುದು ಹೀಗೆ. ಸ್ಪ್ರಿಂಗು ಅದೇ, ಬದಲಾದದ್ದು ಬೈಕು ನಿಂತ ಎತ್ತರ.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ಮುಗಿಸಿಬಿಡೋಣ. ಐದಕ್ಕೆ ಇಟ್ಟ ಮಾತ್ರಕ್ಕೆ ಬೈಕು ಹೆಚ್ಚು ಭಾರ ಹೊರುವ ಶಕ್ತಿ ಪಡೆಯುವುದಿಲ್ಲ. ಸಾಮಾನ್ಯ 100 ಸಿಸಿ ಬೈಕಿನ ಗರಿಷ್ಠ ಹೊರೆ, ಸವಾರನೂ ಸೇರಿ, 130 ಕೆಜಿ ಆಸುಪಾಸಿನಲ್ಲಿರುತ್ತದೆ. ಆ ಮಿತಿಯಲ್ಲಿ ಟೈರು, ಬ್ರೇಕು, ಕಡ್ಡಿ, ಚಾಸಿ ಎಲ್ಲವೂ ಸೇರಿವೆ, ಸ್ಪ್ರಿಂಗು ಒಂದೇ ಅಲ್ಲ.

ಚಕ್ರ ಎದ್ದರೆ ಸ್ಪ್ರಿಂಗು ಬಿಡುಗಡೆಯಾಯಿತೇ?

ಈ ಲೇಖನ ಬರೆಯಲು ಮುಖ್ಯ ಕಾರಣವೇ ಈ ಪ್ರಶ್ನೆ. ಹಿಂಚಕ್ರ ನೆಲದಿಂದ ಎದ್ದರೆ ಸ್ಪ್ರಿಂಗಿನ ಮೇಲಿನ ಭಾರ ಹೋಯಿತು ಎಂದು ತಿಳಿಯುವುದು ಸಹಜ. ಆದರೆ ಉತ್ತರ, ಬೈಕನ್ನು ಎಲ್ಲಿ ಹಿಡಿದು ಎತ್ತಿದಿರಿ ಎನ್ನುವುದರ ಮೇಲಿದೆ.

ಬೈಕನ್ನು ಎರಡು ಭಾಗವಾಗಿ ಯೋಚಿಸಿ. ಚಾಸಿ, ಎಂಜಿನ್, ಟ್ಯಾಂಕು, ಸೀಟು ಒಂದು ಭಾಗ. ಹಿಂಚಕ್ರ ಮತ್ತು ಅದನ್ನು ಹಿಡಿದು ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮ್ ಇನ್ನೊಂದು ಭಾಗ. ಸ್ಪ್ರಿಂಗು ಇವೆರಡರ ನಡುವೆ ಇದೆ. ನಮ್ಮಲ್ಲಿ ಡಬಲ್ ಸ್ಟ್ಯಾಂಡ್ ಎಂದೇ ಕರೆಯುವ ಸೆಂಟರ್ ಸ್ಟ್ಯಾಂಡ್ ಚಾಸಿಗೆ ಕೂಡಿಕೊಂಡಿರುತ್ತದೆ. ಅದನ್ನು ಹಾಕಿದಾಗ ಮೇಲಿನ ಭಾಗದ ಭಾರ ನೇರವಾಗಿ ಸ್ಟ್ಯಾಂಡಿನ ಮೂಲಕ ನೆಲಕ್ಕೆ ಹೋಗುತ್ತದೆ. ಹಿಂಚಕ್ರ ಮತ್ತು ಸ್ವಿಂಗ್ ಆರ್ಮ್ ಕೆಳಕ್ಕೆ ಜೋತುಬೀಳುತ್ತವೆ. ಸ್ಪ್ರಿಂಗು ತನ್ನಿಂದಾದಷ್ಟು ಚಾಚಿಕೊಂಡು ವಿಶ್ರಾಂತಿಯಲ್ಲಿರುತ್ತದೆ, ಉಳಿದಿರುವುದು ಪ್ರಿಲೋಡ್ ಮಾತ್ರ.

ಪ್ಯಾಡಕ್ ಸ್ಟ್ಯಾಂಡ್ ಹಾಗಲ್ಲ. ಅದು ಸ್ವಿಂಗ್ ಆರ್ಮಿನ ಕೆಳಗೆ ಕೊಟ್ಟು ಎತ್ತುವ ಸಾಧನ. ಚಕ್ರ ಗಾಳಿಯಲ್ಲಿ ಸರಾಗವಾಗಿ ತಿರುಗುತ್ತದೆ ನಿಜ, ಆದರೆ ಚಾಸಿಯ ಭಾರ ಈಗಲೂ ಸ್ಪ್ರಿಂಗಿನ ಮೂಲಕ ಸ್ವಿಂಗ್ ಆರ್ಮಿಗೆ, ಅಲ್ಲಿಂದ ಸ್ಟ್ಯಾಂಡಿಗೆ ಇಳಿಯುತ್ತಿದೆ. ಮೊದಲು ಟೈರು ಮಾಡುತ್ತಿದ್ದ ಕೆಲಸವನ್ನು ಈಗ ಸ್ಟ್ಯಾಂಡು ಮಾಡುತ್ತಿದೆ, ಅಷ್ಟೇ. ಸ್ಪ್ರಿಂಗಿನ ಮಟ್ಟಿಗೆ ಬೈಕು ಇನ್ನೂ ನೆಲದ ಮೇಲೇ ಇದೆ. ಚೈನಿಗೆ ಎಣ್ಣೆ ಬಿಡಲು, ಚಕ್ರ ಬಿಚ್ಚಲು ಪ್ಯಾಡಕ್ ಸ್ಟ್ಯಾಂಡು ಚೆನ್ನಾಗಿದೆ. ಸಸ್ಪೆನ್ಷನ್ ಅಳೆಯಲು ಬರುವುದಿಲ್ಲ.

ನಮ್ಮ ಲೆಕ್ಕದ ಬೈಕಿನಲ್ಲೇ ನೋಡಿ: ಡಬಲ್ ಸ್ಟ್ಯಾಂಡಿನಲ್ಲಿದ್ದಾಗ ಮೊದಲ ಮೆಟ್ಟಿಲಿನ ಉಂಗುರದ ಮೇಲೆ ಸ್ಪ್ರಿಂಗು ಒತ್ತುವುದು 20 ಕೆಜಿಯಷ್ಟು, ಪ್ಯಾಡಕ್ ಸ್ಟ್ಯಾಂಡಿನಲ್ಲಿ 40 ಕೆಜಿಯಷ್ಟು. ಒತ್ತಡ ದುಪ್ಪಟ್ಟಾದರೆ ಉಂಗುರ ತಿರುಗಿಸಲು ಬೇಕಾದ ಬಲವೂ ಹೆಚ್ಚು, ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ಕಬ್ಬಿಣಕ್ಕೆ ಬಡಿಯುವ ಸಂಭವವೂ ಹೆಚ್ಚು. ಹಾಗೆಂದು ಚಕ್ರ ನೆಲದಲ್ಲಿದ್ದಾಗ ಉಂಗುರ ಮುಟ್ಟಲೇಬಾರದು ಎಂದೇನಿಲ್ಲ. ಎಷ್ಟೋ ಬೈಕುಗಳಲ್ಲಿ ಸೈಡ್ ಸ್ಟ್ಯಾಂಡಿನ ಮೇಲೆ, ಯಾರೂ ಕೂರದಿದ್ದಾಗ, ಒಂದು ಮೆಟ್ಟಿಲು ತಿರುಗಿಸಬಹುದು. ಎತ್ತಿದರೆ ಸುಲಭ, ಎತ್ತುವುದಾದರೆ ಸರಿಯಾದ ಕಡೆ ಎತ್ತಬೇಕು.

ಡಬಲ್ ಸ್ಟ್ಯಾಂಡ್ ಬಲದ ಕೆಲಸವಲ್ಲ

ಸ್ಪ್ಲೆಂಡರ್ ತೂಕ ಸುಮಾರು 112 ಕೆಜಿ, ಕ್ಲಾಸಿಕ್ 350ಯದ್ದು 195 ಕೆಜಿ. ಇದನ್ನು ಕೈಯಿಂದ ಎತ್ತಲು ಹೋಗಿ ನಡು ಹಿಡಿಸಿಕೊಂಡವರು ಬಹಳ. ಸ್ಟ್ಯಾಂಡು ಒಂದು ಸನ್ನೆಗೋಲು. ಅದರಿಂದ ಹೊರಚಾಚಿರುವ ಕಡ್ಡಿಯನ್ನು ಕಾಲಿನಿಂದ ತಗ್ಗಿಸಿ, ಸ್ಟ್ಯಾಂಡಿನ ಎರಡೂ ಪಾದಗಳು ಒಟ್ಟಿಗೆ ನೆಲಕ್ಕೆ ತಾಗುವವರೆಗೆ ಬೈಕನ್ನು ನೇರ ಮಾಡಿ. ಎರಡೂ ತಾಗಿದ್ದು ಕಾಲಿಗೆ ಗೊತ್ತಾಗುತ್ತದೆ. ಆಮೇಲೆ ಇಡೀ ಮೈಭಾರವನ್ನು ಆ ಕಡ್ಡಿಯ ಮೇಲೆ ಹಾಕಿ, ನಿಂತೇಬಿಡುವಂತೆ. ಎಡಗೈ ಹ್ಯಾಂಡಲಿನಲ್ಲಿ, ಬಲಗೈ ಸೀಟಿನ ಪಕ್ಕದ ಹಿಡಿಯಲ್ಲಿ. ಕೈಗಳ ಕೆಲಸ ಬೈಕು ಓಲದಂತೆ ನೋಡಿಕೊಳ್ಳುವುದು ಮತ್ತು ಅದನ್ನು ಹಿಂದಕ್ಕೆ ಬಿಡುವುದು. ಸ್ಟ್ಯಾಂಡು ಕಮಾನಿನಂತೆ ತಿರುಗುವುದರಿಂದ ಬೈಕು ಮೇಲೇರುತ್ತಲೇ ಹಿಂದಕ್ಕೂ ಬರುತ್ತದೆ. ಅದಕ್ಕೇ ಹಿಂದೆ ಅರ್ಧ ಅಡಿಯಾದರೂ ಜಾಗವಿರಬೇಕು. ಗೋಡೆಗೆ ಒತ್ತಿ ನಿಲ್ಲಿಸಿ "ಏಳ್ತಾ ಇಲ್ಲ" ಎಂದು ಒದ್ದಾಡುವುದು ಬೇಡ.

ಆದರೂ ಭಾರವೆನ್ನಿಸಿದರೆ ಒಂದಂಗುಲ ದಪ್ಪದ ಹಲಗೆಯನ್ನು ನೆಲದಲ್ಲಿಟ್ಟು ಹಿಂಚಕ್ರವನ್ನು ಅದರ ಮೇಲೆ ಹತ್ತಿಸಿ, ಸ್ಟ್ಯಾಂಡಿನ ಪಾದಗಳು ಮಾತ್ರ ನೆಲದ ಮೇಲೇ ಇರಲಿ. ಎತ್ತಬೇಕಾದ ಎತ್ತರದಲ್ಲಿ ಒಂದಂಗುಲ ಮೊದಲೇ ಮುಗಿದಿರುತ್ತದೆ. ಬೈಕು ನಿಂತ ಮೇಲೆ ಹಲಗೆ ಎಳೆದುಕೊಂಡರಾಯಿತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಆಲೆ ಮರದ ತುಂಡುಗಳು ಸುಲಭವಾಗಿ ಸಿಗುತ್ತವೆಂದು ಅವನ್ನೇ ಅಡಿಗೆ ಕೊಡುವುದು ಬೇಡ. ಆ ಮರ ಹಗುರ, ನುಣುಪು, ಕಡೆಯಲು ಮೃದು. ಬೊಂಬೆಗೆ ಒಳ್ಳೆಯದಾದ ಗುಣಗಳೇ ಇಲ್ಲಿ ಕೆಟ್ಟವು. ಅದರಲ್ಲೂ ದುಂಡನೆಯ ತುಂಡಾದರೆ ಉರುಳಿಬಿಡುತ್ತದೆ. ಗಟ್ಟಿ ಮರದ ಚಪ್ಪಟೆ ಹಲಗೆ ಬೇಕು.

ನೆಲದ ಬಗ್ಗೆಯೂ ಎರಡು ಮಾತು. ರಾಮನಗರದ ಸುತ್ತಲ ಬೆಟ್ಟಗಳ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಊರಿಗೆ ಹಿಂದೆ ಇದ್ದ ಹೆಸರು ಅದು, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರಿಂದ ಬಂದದ್ದು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಅಂಗಳಕ್ಕೆ ಕಲ್ಲಿನ ಚಪ್ಪಡಿ ಹಾಸಿದ್ದರೆ ಸ್ಟ್ಯಾಂಡು ಹೂತುಹೋಗುವ ಚಿಂತೆಯಿಲ್ಲ, ಆದರೆ ನೀರು ಹರಿಯಲೆಂದು ಕೊಟ್ಟ ಇಳಿಜಾರನ್ನು ನೋಡಿಕೊಳ್ಳಬೇಕು. ಮಣ್ಣಿನಂಗಳದಲ್ಲಿ ಸಮಸ್ಯೆ ಬೇರೆ: ಬೈಕಿನ ಬಹುಪಾಲು ಭಾರ ಸ್ಟ್ಯಾಂಡಿನ ಎರಡು ಸಣ್ಣ ಪಾದಗಳ ಮೇಲೆ ಕೂರುತ್ತದೆ. ಮಳೆ ಬಂದು ಮಣ್ಣು ಮೆತ್ತಗಾಗಿದ್ದರೆ ಒಂದು ಪಾದ ಹೂತು ಬೈಕು ಪಕ್ಕಕ್ಕೆ ವಾಲುತ್ತದೆ. ಆಗ ಅಗಲವಾದ ಹಲಗೆಯನ್ನು ಸ್ಟ್ಯಾಂಡಿನ ಅಡಿಗೇ ಹಾಸಬೇಕು.

ಗೇರಿನಲ್ಲಿಟ್ಟರೆ ಬೈಕು ಹೋಗುವುದಿಲ್ಲ ಎಂಬ ಧೈರ್ಯ

ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರಿನಲ್ಲಿಡುವುದು ಒಳ್ಳೆಯ ಅಭ್ಯಾಸ. ಹಿಂಚಕ್ರ ಎತ್ತಿದ ಮೇಲೆ ಅದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಗೇರು ಹಿಡಿದಿಡುವುದು ಹಿಂಚಕ್ರವನ್ನು, ಅದು ಈಗ ನೆಲದಲ್ಲಿಲ್ಲ. ನೆಲದಲ್ಲಿರುವ ಮುಂಚಕ್ರ ಸ್ವತಂತ್ರವಾಗಿದೆ. ಡಬಲ್ ಸ್ಟ್ಯಾಂಡನ್ನು ಬಿಡಿಸಲು ನಾವು ಬೈಕನ್ನು ಮುಂದಕ್ಕೆ ತಳ್ಳುತ್ತೇವಲ್ಲ, ಸ್ಪ್ಯಾನರನ್ನು ಜೋರಾಗಿ ಎಳೆದಾಗ ಆಗುವುದೂ ಅದೇ. ಬೈಕು ಮುಂದಕ್ಕೆ ಜಾರಿ ಸ್ಟ್ಯಾಂಡು ಮಡಚಿಕೊಳ್ಳುತ್ತದೆ, ಆ ಹೊತ್ತಿಗೆ ನೀವು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿರುತ್ತೀರಿ.

ಪರಿಹಾರಕ್ಕೆ ಖರ್ಚಿಲ್ಲ. ಹಳೆಯ ಸೈಕಲ್ ಟ್ಯೂಬಿನ ತುಂಡಿನಿಂದ ಮುಂದಿನ ಬ್ರೇಕಿನ ಲಿವರನ್ನು ಹ್ಯಾಂಡಲಿಗೆ ಬಿಗಿಯಾಗಿ ಸುತ್ತಿ, ಮುಂಚಕ್ರವನ್ನು ಗೋಡೆಗೆ ತಾಗಿಸಿ ಅಥವಾ ಅದರ ಮುಂದೆ ಕಲ್ಲು ಕೊಡಿ. ಸ್ಪ್ಯಾನರನ್ನು ಮುಂದಕ್ಕೆ ತಳ್ಳುವ ಬದಲು ಆದಷ್ಟು ಹಿಂದಕ್ಕೆ ಎಳೆಯುವಂತೆ ನಿಲ್ಲಿ.

ಡಬಲ್ ಸ್ಟ್ಯಾಂಡೇ ಇಲ್ಲದ ಬೈಕಾದರೆ?

ಒಂದೇ ಶಾಕ್ ಅಬ್ಸಾರ್ಬರಿನ ಎಷ್ಟೋ ಬೈಕುಗಳಲ್ಲಿ ಡಬಲ್ ಸ್ಟ್ಯಾಂಡ್ ಇರುವುದಿಲ್ಲ. ಇಲ್ಲಿಯೇ ಜನರ ಜಾಣತನ ಅಪಾಯಕ್ಕೆ ತಿರುಗುವುದು. ಸೈಡ್ ಸ್ಟ್ಯಾಂಡ್ ಹಾಕಿ, ಬೈಕನ್ನು ಎಡಕ್ಕೆ ವಾಲಿಸಿ, ಸ್ಟ್ಯಾಂಡು ಮತ್ತು ಮುಂಚಕ್ರ ಎರಡರ ಮೇಲೇ ನಿಲ್ಲಿಸಿ ಹಿಂಚಕ್ರ ಎತ್ತುವ ಚಳಕವನ್ನು ನೀವು ನೋಡಿರಬಹುದು. ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಚೈನಿಗೆ ಎಣ್ಣೆ ಬಿಡುತ್ತಾರೆ. ಮೂರು ಕಡೆ ಊರಿದ್ದ ಬೈಕು ಈಗ ಎರಡೇ ಕಡೆ ಊರಿದೆ. ಯಾವ ವಸ್ತುವೂ ಎರಡು ಬಿಂದುಗಳ ಮೇಲೆ ತಾನಾಗಿ ನಿಲ್ಲುವುದಿಲ್ಲ, ಮೂರನೆಯ ಬಿಂದು ಹಿಡಿದವರ ಕೈ. ಜೊತೆಗೆ ಓರೆಯಾಗಿ ಒಂದಿಷ್ಟು ಭಾರ ಹೊರಲೆಂದು ಮಾಡಿದ ಸೈಡ್ ಸ್ಟ್ಯಾಂಡಿನ ಬೋಲ್ಟು, ವೆಲ್ಡಿಂಗುಗಳ ಮೇಲೆ ಬೈಕಿನ ಹೆಚ್ಚಿನ ಭಾರ ಬೀಳುತ್ತದೆ. ಉಂಗುರ ತಿರುಗಿಸುವಂಥ ಬಲ ಹಾಕುವ ಕೆಲಸಕ್ಕೆ ಈ ಚಳಕ ಬೇಡವೇ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಎಂಜಿನ್ ಕೆಳಗೆ ಕಾರಿನ ಜಾಕ್ ಕೊಡುವವರೂ ಇದ್ದಾರೆ. ಜಾಕಿನ ಚಿಕ್ಕ ತಲೆ ಎಂಜಿನ್ನಿನ ಅಲ್ಯೂಮಿನಿಯಂ ಕವಚದ ಒಂದೇ ಜಾಗಕ್ಕೆ ಒತ್ತಿದರೆ ಅದು ಬಿರುಕು ಬಿಡಬಹುದು. ಆಯಿಲ್ ಡ್ರೈನ್ ಬೋಲ್ಟಿಗೋ ಸೈಲೆನ್ಸರ್ ಪೈಪಿಗೋ ತಾಗಿದರೆ ಇನ್ನೂ ಬೇಗ ಹಾಳು. ಇಂಥ ಬೈಕುಗಳಿಗೆ ಸರಿಯಾದದ್ದು ಚಾಸಿಗೆ ಕೊಟ್ಟು ಎತ್ತುವ ಸ್ಟ್ಯಾಂಡು. ಅದಿಲ್ಲದಿದ್ದರೆ ಇಬ್ಬರು ಸೇರಿ ಮಾಡುವ ಸರಳ ದಾರಿ ಸಾಕು: ಎತ್ತಿ ನಿಲ್ಲಿಸುವ ಹಂಬಲ ಬಿಟ್ಟು, ಅಳತೆಗೆ ಬೇಕಾದ ಒಂದು ಕ್ಷಣ ಮಾತ್ರ ಹಿಂದಿನ ಹಿಡಿಯಿಂದ ಮೇಲಕ್ಕೆ ಜಗ್ಗುವುದು. ಹಿಡಿ ಇರುವುದು ಚಾಸಿಗೆ. ಜಗ್ಗಿದಾಗ ಸ್ಪ್ರಿಂಗು ಪೂರ್ತಿ ಚಾಚಿಕೊಳ್ಳುತ್ತದೆ. ಉಂಗುರ ತಿರುಗಿಸುವುದನ್ನು ಸೈಡ್ ಸ್ಟ್ಯಾಂಡಿನ ಮೇಲೇ ನಿಧಾನವಾಗಿ ಮಾಡಬಹುದು.

ಅಳೆದು ತಿರುಗಿಸಿ

ಮೊದಲು ಟೈರಿನ ಗಾಳಿ ನೋಡಿ. ಬಂಕಿನಲ್ಲಿ ಲೆಕ್ಕವಿಲ್ಲದೆ ಗಾಳಿ ತುಂಬಿಸಿಕೊಂಡು ಬಂದು ಶಾಕ್ ಅಬ್ಸಾರ್ಬರನ್ನು ಬೈಯುವುದು ಬಹಳ ಸಾಮಾನ್ಯ. ಒಬ್ಬರಿಗೆಷ್ಟು, ಇಬ್ಬರಿಗೆಷ್ಟು ಎಂದು ಕೈಪಿಡಿಯಲ್ಲಿ ಬೇರೆಬೇರೆಯಾಗಿ ಕೊಟ್ಟಿರುತ್ತಾರೆ.

ಆಮೇಲೆ ಒಂದು ಅಳತೆ ಟೇಪು. ಹಿಂಚಕ್ರದ ಆ್ಯಕ್ಸಲ್ ನಟ್ಟಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಯಾವುದಾದರೂ ಕದಲದ ಜಾಗಕ್ಕೆ ಗುರುತು ಮಾಡಿ. ಡಬಲ್ ಸ್ಟ್ಯಾಂಡಿನಲ್ಲಿ ಚಕ್ರ ಜೋತುಬಿದ್ದಾಗ ಒಂದು ಅಳತೆ. ಬೈಕು ಇಳಿಸಿ, ನೀವು ದಿನವೂ ಹೊರುವ ಭಾರದೊಂದಿಗೆ ಕೂತು, ಎರಡು ಸಲ ಕುಲುಕಿ, ಇನ್ನೊಬ್ಬರಿಂದ ಮತ್ತೊಂದು ಅಳತೆ. ಮೊದಲನೆಯದು 510 ಮಿ.ಮೀ., ಎರಡನೆಯದು 480 ಎಂದಾದರೆ ಕುಸಿತ 30 ಮಿ.ಮೀ. ರಸ್ತೆಯ ಬೈಕುಗಳಿಗೆ ಈ ಕುಸಿತ ಚಕ್ರದ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇದ್ದರೆ ಸರಿ ಎಂಬುದು ರೂಢಿ. ಅಷ್ಟಕ್ಕಿಂತ ಹೆಚ್ಚು ಕುಸಿದರೆ ಮೆಟ್ಟಿಲು ಏರಿಸಿ, ಕಡಿಮೆಯಾದರೆ ಇಳಿಸಿ. ಮೊದಲ ಅಳತೆಯನ್ನು ಪ್ಯಾಡಕ್ ಸ್ಟ್ಯಾಂಡಿನಲ್ಲಿ ತೆಗೆದಿದ್ದರೆ ಬೈಕಿನ ಸ್ವಂತ ಭಾರಕ್ಕಾದ ಕುಸಿತ ಲೆಕ್ಕಕ್ಕೇ ಬರುವುದಿಲ್ಲ, ಉತ್ತರ ತಪ್ಪುತ್ತದೆ.

ತಿರುಗಿಸುವ ಮೊದಲು ಎಂಜಿನ್ ಮತ್ತು ಸೈಲೆನ್ಸರ್ ತಣ್ಣಗಾಗಿರಲಿ. ಮೆಟ್ಟಿಲುಗಳಲ್ಲಿ ಕೆಸರು ಗಟ್ಟಿಯಾಗಿ ಕೂತಿರುತ್ತದೆ, ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಒಂದೊಂದೇ ಮೆಟ್ಟಿಲು ತಿರುಗಿಸಿ. ಒಂದರಿಂದ ಐದಕ್ಕೆ, ಐದರಿಂದ ಒಂದಕ್ಕೆ ನೇರವಾಗಿ ದಾಟಿಸಬೇಡಿ, ಶಾಕ್ ಅಬ್ಸಾರ್ಬರಿಗೆ ಪೆಟ್ಟಾಗಬಹುದು ಎಂಬ ಎಚ್ಚರಿಕೆ ಕೈಪಿಡಿಗಳಲ್ಲೇ ಇರುತ್ತದೆ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇರಬೇಕು. ಎರಡೂ ಕಡೆ ಬೇರೆಬೇರೆ ಇದ್ದರೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ. ಎಣ್ಣೆ ಸೋರಿ ಕಪ್ಪಾಗಿರುವ ಶಾಕ್ ಅಬ್ಸಾರ್ಬರಿಗೆ ಈ ಯಾವ ಚಿಕಿತ್ಸೆಯೂ ನಾಟದು, ಅದನ್ನು ಬದಲಿಸಬೇಕು. ಅದನ್ನು ಬಿಚ್ಚಿ ಒಳಗೇನಿದೆ ನೋಡುವ ಸಾಹಸವಂತೂ ಬೇಡ. ಕೆಲವದರಲ್ಲಿ ಒತ್ತಡದ ಅನಿಲ ತುಂಬಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಚಕ್ರ ಹೇಗೂ ಗಾಳಿಯಲ್ಲಿದೆಯಲ್ಲ, ಎಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿದು ಒರೆಸೋಣ ಎಂದು ಬಹಳ ಜನರಿಗೆ ಅನ್ನಿಸುತ್ತದೆ. ಈ ಇಡೀ ಕೆಲಸದಲ್ಲಿ ಅತಿ ದೊಡ್ಡ ಅಪಾಯ ಇದೇ. ಬಟ್ಟೆಯ ಒಂದು ಎಳೆ ಚೈನಿಗೆ ಸಿಕ್ಕರೆ ಕೈಯನ್ನೂ ಸ್ಪ್ರಾಕೆಟ್ಟಿನ ಹಲ್ಲಿಗೆ ಎಳೆದೊಯ್ಯುತ್ತದೆ, ಬೆರಳು ತುಂಡಾಗಲು ಸೆಕೆಂಡೂ ಬೇಡ. ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್ಲಿನಲ್ಲಿಟ್ಟು, ಕೀ ತೆಗೆದು, ಚಕ್ರವನ್ನು ಕೈಯಿಂದ ತಿರುಗಿಸಿ. ಆಗಲೂ ಬಟ್ಟೆಯನ್ನು ಚೈನಿನ ನಡುಭಾಗದಲ್ಲಿ ಹಿಡಿಯಬೇಕೇ ಹೊರತು ಸ್ಪ್ರಾಕೆಟ್ಟಿನ ಹತ್ತಿರವಲ್ಲ. ಅಂಗಳದಲ್ಲಿ ಮಕ್ಕಳಿದ್ದರೆ ಈ ಕೆಲಸ ಮುಗಿಯುವವರೆಗೆ ಅವರು ಒಳಗಿರಲಿ. ಗರಗರ ತಿರುಗುವ ಚಕ್ರಕ್ಕೆ ಬೆರಳು ಹಾಕದ ಮಗು ಅಪರೂಪ.

ಪ್ರಿಲೋಡ್ ಬದಲಿಸಿದರೆ ಬೈಕಿನ ಹಿಂಭಾಗದ ಎತ್ತರ ಬದಲಾಗುತ್ತದೆ, ಅದರೊಂದಿಗೆ ಚೈನಿನ ಸಡಿಲವೂ ಒಂದಿಷ್ಟು. ಕೈಪಿಡಿಯಲ್ಲಿ ಹೇಳಿದ ರೀತಿಯಲ್ಲೇ ಬೈಕು ನಿಲ್ಲಿಸಿ ಅದನ್ನು ನೋಡಿಕೊಳ್ಳಿ. ಹೆಡ್‌ಲೈಟಿನ ಕಡೆಗೂ ಗಮನವಿರಲಿ. ಭಾರಕ್ಕೆ ಹಿಂಭಾಗ ಕುಸಿದ ಬೈಕಿನ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬೀದಿದೀಪವಿಲ್ಲದ ಕನಕಪುರ, ಮಾಗಡಿಯ ಹಳ್ಳಿರಸ್ತೆಗಳಲ್ಲಿ ಅದೂ ಒಂದು ಅಪಾಯ. ಮೆಟ್ಟಿಲು ಹೊಂದಿಸಿದ ರಾತ್ರಿ, ಮಾಮೂಲಿ ಭಾರದೊಂದಿಗೆ ಕೂತು ಎದುರಿನ ಗೋಡೆಗೆ ಬೆಳಕು ಬಿಟ್ಟು ನೋಡಿ, ಲೋ ಬೀಮ್ ಹೆಡ್‌ಲೈಟಿನ ಎತ್ತರಕ್ಕಿಂತ ಕೆಳಗೇ ಬೀಳುತ್ತಿರಬೇಕು.